ರೆಗ್ಯುಲೇಟರ್ ಆರಿಸುವಾಗ ಇನ್‌ಪುಟ್ ಕಡೆ ನೋಡಿ

(ಎಂಜಿನಿಯರ್‌ಗಳ ದಿನದ ಅಂಗವಾಗಿ ಚಿಕ್ಕಬಳ್ಳಾಪುರದಲ್ಲಿ ಡಿಪ್ಲೊಮಾ ಮತ್ತು ಐಟಿಐ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ. ಬೋರ್ಡಿನ ಮೇಲೆ ಬರೆದ ಲೆಕ್ಕಗಳನ್ನು ಮಾತಿನೊಳಗೇ ಸೇರಿಸಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಮಾತ್ರ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಹೊರಗೆ ಮೇಜಿನ ಮೇಲೆ ಜೋಡಿಸಿಟ್ಟ ನಿಮ್ಮ ಪ್ರಾಜೆಕ್ಟ್‌ಗಳನ್ನು ನೋಡಿಕೊಂಡೇ ಒಳಗೆ ಬಂದೆ. ಒಂದು ಬೋರ್‌ವೆಲ್ ಮೋಟಾರನ್ನು ಮೊಬೈಲಿನಿಂದ ಆನ್ ಮಾಡುತ್ತದೆ. ಒಂದು ರೇಷ್ಮೆ ಹುಳು ಮನೆಯ ಉಷ್ಣಾಂಶ, ತೇವಾಂಶ ತೋರಿಸುತ್ತದೆ. ಮತ್ತೊಂದು ಹಾಲಿನ ಡೈರಿಗೆ ತೂಕದ ಯಂತ್ರ. ಶಿಡ್ಲಘಟ್ಟದಿಂದ ಬಾಗೇಪಲ್ಲಿವರೆಗಿನ ಬದುಕೇ ಮೇಜಿನ ಮೇಲೆ ಇದ್ದ ಹಾಗಿತ್ತು, ಸಂತೋಷವಾಯಿತು. ಆದರೆ ಮೂರರಲ್ಲೂ ಮೂಲೆಯಲ್ಲಿ ಅದೇ ಮೂರು ಕಾಲಿನ 7805, ಬಂದ ವೋಲ್ಟೇಜನ್ನು 5ಕ್ಕೆ ಇಳಿಸಿ ಅಲ್ಲೇ ನಿಲ್ಲಿಸುವ ರೆಗ್ಯುಲೇಟರ್ ಚಿಪ್. ಯಾಕೆ ಹಾಕಿದ್ದೀರಿ ಎಂದರೆ ಮೂರು ತಂಡದವರೂ ಒಂದೇ ಉತ್ತರ ಕೊಟ್ಟರು: "ಸರ್, 5 ವೋಲ್ಟ್ ಬೇಕಿತ್ತು."

5 ವೋಲ್ಟ್ ಕೊಡಲು ಲೀನಿಯರ್ ರೆಗ್ಯುಲೇಟರೂ ಇದೆ (7805 ಈ ಜಾತಿಯದ್ದು), ಸ್ವಿಚಿಂಗ್ ರೆಗ್ಯುಲೇಟರೂ ಇದೆ. ಎರಡೂ ಆ ಮಾತನ್ನು ಉಳಿಸಿಕೊಳ್ಳುತ್ತವೆ. ಹಾಗಾಗಿ ಔಟ್‌ಪುಟ್ ನೋಡಿ ಆರಿಸಲು ಬರುವುದಿಲ್ಲ. ಒಳಗೆ ಬರುವ ವೋಲ್ಟೇಜ್ ಅತಿ ಹೆಚ್ಚೆಂದರೆ ಎಷ್ಟು, ಅತಿ ಕಡಿಮೆಯೆಂದರೆ ಎಷ್ಟು, ಆ ಹೊತ್ತಿನಲ್ಲಿ ಲೋಡ್ (ಕರೆಂಟ್ ಬಳಸುವ ಸರ್ಕ್ಯೂಟ್) ಎಷ್ಟು ಕರೆಂಟ್ ಎಳೆಯುತ್ತದೆ, ಇಷ್ಟು ಗೊತ್ತಿಲ್ಲದೆ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಎಸ್.ಪಿ. ರೋಡಿಗೆ ಹೋಗಬೇಡಿ. ಬಸ್ ಚಾರ್ಜು ದಂಡ.

ರೆಗ್ಯುಲೇಟರ್ ಅಂದರೇನು ಎಂದು ಹೇಳಲು ಈ ಜಿಲ್ಲೆಯವರು ದೂರ ಹೋಗಬೇಕಿಲ್ಲ. ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು ರೂಪಿಸಿ ಪೇಟೆಂಟ್ ಪಡೆದ ಸ್ವಯಂಚಾಲಿತ ಗೇಟುಗಳನ್ನು 1903ರಲ್ಲಿ ಪುಣೆ ಹತ್ತಿರದ ಖಡಕ್‌ವಾಸ್ಲಾ ಜಲಾಶಯಕ್ಕೆ ಅಳವಡಿಸಿದರು. ನೀರು ಗೊತ್ತುಮಾಡಿದ ಮಟ್ಟ ಮೀರಿದರೆ ಗೇಟು ತಾನಾಗಿ ತೆರೆಯಬೇಕು, ಇಳಿದರೆ ಮುಚ್ಚಬೇಕು, ಆಳು ನಿಂತು ತಿರುಗಿಸಬಾರದು. 7805ರ ಒಳಗೂ ಇರುವುದು ಅದೇ: ಅಲುಗದ ಒಂದು ಆಧಾರ ವೋಲ್ಟೇಜ್, ಔಟ್‌ಪುಟ್ಟನ್ನು ಅದರ ಪಕ್ಕ ಇಟ್ಟು ನೋಡುವ ಆಂಪ್ಲಿಫೈಯರ್, ದಾರಿಗೆ ಅಡ್ಡ ನಿಂತ ಟ್ರಾನ್ಸಿಸ್ಟರ್. ಈ ಹೋಲಿಕೆ ಇಲ್ಲಿಗೇ ಸಾಕು, ಇನ್ನೂ ಎಳೆದರೆ ಹರಿದುಹೋಗುತ್ತದೆ.

ಲೀನಿಯರ್‌ನಲ್ಲಿ ಆ ಟ್ರಾನ್ಸಿಸ್ಟರ್ ಅರ್ಧ ತೆರೆದುಕೊಂಡೇ ನಿಂತಿರುತ್ತದೆ. ಒಳಗೆ 12 ಬಂದು ಹೊರಗೆ 5 ಹೋದರೆ ನಡುವಿನ 7 ವೋಲ್ಟನ್ನು ಅದೇ ನುಂಗಬೇಕು. ಲೋಡ್ ಎಳೆಯುವ ಕರೆಂಟ್ ಪೂರ್ತಿ ಅದರ ಮೂಲಕವೇ ಹಾಯುವುದರಿಂದ ನುಂಗಿದ್ದೆಲ್ಲ ಬಿಸಿಯಾಗುತ್ತದೆ. ಸ್ವಿಚಿಂಗ್‌ನಲ್ಲಿ ಟ್ರಾನ್ಸಿಸ್ಟರ್ ಒಂದೋ ಪೂರ್ತಿ ತೆರೆದಿರುತ್ತದೆ, ಇಲ್ಲವೇ ಪೂರ್ತಿ ಮುಚ್ಚಿರುತ್ತದೆ. ನೀವೆಲ್ಲ ಮಾಡ್ಯೂಲಿನಲ್ಲಿ ನೋಡಿರುವ ಎಲ್‌ಎಂ2596 ಸೆಕೆಂಡಿಗೆ ಒಂದೂವರೆ ಲಕ್ಷ ಸಲ ಹೀಗೆ ಬಡಿದುಕೊಳ್ಳುತ್ತದೆ. ತೆರೆದಾಗ ಕಾಯಿಲ್‌ನಲ್ಲಿ ಶಕ್ತಿ ಸೇರುತ್ತದೆ, ಮುಚ್ಚಿದಾಗ ಕಾಯಿಲ್ ಅದನ್ನು ಡಯೋಡ್ ಮೂಲಕ ಲೋಡಿಗೆ ದಾಟಿಸುತ್ತದೆ. ತೆರೆದ ಹೊತ್ತು, ಮುಚ್ಚಿದ ಹೊತ್ತು, ಇವುಗಳ ಪ್ರಮಾಣ ಬದಲಿಸಿದರೆ ವೋಲ್ಟೇಜ್ ಬದಲಾಗುತ್ತದೆ. ನುಂಗುವ ಕೆಲಸ ಇಲ್ಲವಾದ್ದರಿಂದ ಬಿಸಿ ಕಡಿಮೆ, ಬಡಿದುಕೊಳ್ಳುವ ಕೆಲಸ ಇರುವುದರಿಂದ ಗದ್ದಲ ಜಾಸ್ತಿ.

ಲೀನಿಯರ್ ಹಳೆಯದು, ಸ್ವಿಚಿಂಗ್ ಹೊಸದು ಅನ್ನುವ ಮಾತನ್ನು ಬಿಡಿ. ಬಾಬ್ ವಿಡ್ಲರ್ ವಿನ್ಯಾಸ ಮಾಡಿದ ಎಲ್‌ಎಂ309, ಒಂದೇ ಚಿಪ್ಪಿನೊಳಗೆ 5 ವೋಲ್ಟ್ ರೆಗ್ಯುಲೇಟರ್, 1969ರ ಸುಮಾರಿಗೆ ಬಂತು. 7805ರ ಬಳಗ ಅದರ ಬೆನ್ನಿಗೇ. 1977ರ ಆಪಲ್ 2 ಕಂಪ್ಯೂಟರಿಗೆ ರಾಡ್ ಹೋಲ್ಟ್ ಮಾಡಿಕೊಟ್ಟದ್ದು ಸ್ವಿಚಿಂಗ್ ಸಪ್ಲೈ, ಡಬ್ಬಿಯೊಳಗೆ ಫ್ಯಾನ್ ಬೇಡವಾಗಲಿ ಎಂದೇ. ಎರಡೂ ನಿಮ್ಮ ಅಪ್ಪಂದಿರ ಕಾಲದವು.

ಈಗ ಲೆಕ್ಕ. 12 ವೋಲ್ಟ್ ಅಡಾಪ್ಟರ್, 7805, ಇಎಸ್‌ಪಿ32 ಎಂಬ ವೈಫೈ ಇರುವ ಕಂಟ್ರೋಲರ್ ಬೋರ್ಡ್, ಒಂದೆರಡು ರಿಲೇ (ಕರೆಂಟಿನಿಂದ ಆನ್ ಆಫ್ ಆಗುವ ಸ್ವಿಚ್). ಒಟ್ಟು 300 ಮಿಲಿಆಂಪಿಯರ್ ಅನ್ನಿ. 12ರಲ್ಲಿ 5 ಕಳೆದರೆ 7, ಅದನ್ನು 0.3ರಿಂದ ಗುಣಿಸಿದರೆ 2.1 ವ್ಯಾಟ್. ಲೋಡಿಗೆ ತಲುಪಿದ್ದು 1.5 ವ್ಯಾಟ್, ಬಿಸಿಯಾಗಿ ಹೋದದ್ದು 2.1. ಊಟಕ್ಕಿಂತ ಎಂಜಲೇ ಜಾಸ್ತಿ. ಹೀಟ್‌ಸಿಂಕ್ (ಬಿಸಿ ಹೊರಹಾಕುವ ಲೋಹದ ತುಂಡು) ಇಲ್ಲದ 7805 ಒಂದು ವ್ಯಾಟಿಗೆ 50ರಿಂದ 65 ಡಿಗ್ರಿ ಏರುತ್ತದೆ ಎಂದು ಡೇಟಾಶೀಟ್‌ಗಳು ಹೇಳುತ್ತವೆ. 60 ಹಿಡಿದರೂ 126 ಡಿಗ್ರಿ ಏರಿಕೆ. ಕೋಣೆಯ 30 ಸೇರಿಸಿ: 156. ಒಳಗಿನ ಚಿಪ್ಪು 125 ದಾಟಬಾರದು. 150ರ ಆಸುಪಾಸಿನಲ್ಲಿ 7805 ತನ್ನನ್ನು ತಾನೇ ಆಫ್ ಮಾಡಿಕೊಳ್ಳುತ್ತದೆ, ತಣ್ಣಗಾದ ಮೇಲೆ ಮತ್ತೆ ಆನ್ ಆಗುತ್ತದೆ. ನಿಮಗೆ ಕಾಣುವುದು ಬೋರ್ಡ್ ಆಗಾಗ ರೀಸೆಟ್ ಆಗುವುದು ಮಾತ್ರ. ಎರಡು ದಿನ ಕೋಡ್‌ನಲ್ಲಿ ತಪ್ಪು ಹುಡುಕುತ್ತೀರಿ. ಕೋಡ್ ಸರಿಯಾಗಿಯೇ ಇರುತ್ತದೆ.

ಅದೇ 12 ವೋಲ್ಟಿನಿಂದ ಬರೀ 50 ಮಿಲಿಆಂಪಿಯರ್ ಬೇಕಿದ್ದರೆ ಬಿಸಿ 0.35 ವ್ಯಾಟ್, ಏರಿಕೆ 21 ಡಿಗ್ರಿ. ಕಣ್ಣು ಮುಚ್ಚಿ 7805 ಹಾಕಿ. ಹತ್ತು ಹದಿನೈದು ರೂಪಾಯಿಗೆ ಅದರಷ್ಟು ನಂಬಿಕೆಯ ಸಾಮಾನು ಇನ್ನೊಂದು ಸಿಗುವುದಿಲ್ಲ. ಹೀಟ್‌ಸಿಂಕ್ ಇಲ್ಲದೆ 1 ವ್ಯಾಟ್ ದಾಟಿದರೆ ನಾನು ಯೋಚನೆ ಶುರುಮಾಡುತ್ತೇನೆ. ಇಎಸ್‌ಪಿ ಬೋರ್ಡ್‌ಗಳ ಮೇಲೆ ಅಂಟಿಕೊಂಡಿರುವ ಸಣ್ಣ 3.3 ವೋಲ್ಟ್ ಲೀನಿಯರ್ ರೆಗ್ಯುಲೇಟರ್ ಎಎಂಎಸ್1117ಕ್ಕಾದರೆ ಅರ್ಧ ವ್ಯಾಟಿಗೇ. ಆ ಬೋರ್ಡಿನ ವಿನ್ (ಇನ್‌ಪುಟ್) ಪಿನ್ನಿಗೆ ನೇರವಾಗಿ 12 ವೋಲ್ಟ್ ಕೊಡುವವರು ಇಲ್ಲಿ ಇದ್ದೀರಿ, ಕೈ ಎತ್ತುವುದು ಬೇಡ, ಇವತ್ತೇ ತೆಗೆಯಿರಿ.

ಇಷ್ಟು ಲೆಕ್ಕ ಪಠ್ಯಪುಸ್ತಕದಲ್ಲೂ ಇದೆ. ಅಲ್ಲಿ ಇನ್‌ಪುಟ್ ಯಾವಾಗಲೂ 12. ನಮ್ಮ ಹಳ್ಳಿಗಳಲ್ಲಿ ಹಾಗಿರುವುದಿಲ್ಲ.

ಮೋಟಾರ್ ಪ್ರಾಜೆಕ್ಟಿನವರು ಟ್ರಾನ್ಸ್‌ಫಾರ್ಮರ್ ಹಾಕಿದ್ದಾರೆ. ತೋಟದಲ್ಲಿ ತ್ರೀಫೇಸ್ ಬಿಟ್ಟ ಕೂಡಲೇ ಸುತ್ತಮುತ್ತಲ ಬೋರ್‌ವೆಲ್‌ಗಳೆಲ್ಲ ಒಟ್ಟಿಗೆ ಎದ್ದು ಕೂರುತ್ತವೆ, ಲೈನ್ ವೋಲ್ಟೇಜ್ ಕುಸಿಯುತ್ತದೆ. ನಡುರಾತ್ರಿ ಎಲ್ಲ ನಿಂತಾಗ ಮೇಲೇರುತ್ತದೆ. ಲೆಕ್ಕಕ್ಕೆ 170 ಮತ್ತು 260 ಇಟ್ಟುಕೊಳ್ಳೋಣ. ನಿಮ್ಮ ಊರಿನ ಅಂಕಿಯನ್ನು ಮಲ್ಟಿಮೀಟರಿನಲ್ಲಿ ನೀವೇ ನೋಡಿ, ಅಪ್ಪನಿಗೋ ಚಿಕ್ಕಪ್ಪನಿಗೋ ಹೇಳಿ ರಾತ್ರಿಯದ್ದನ್ನೂ ನೋಡಿಸಿ.

9 ವೋಲ್ಟ್ ಟ್ರಾನ್ಸ್‌ಫಾರ್ಮರ್ ತೆಗೆದುಕೊಂಡಿರಿ ಅನ್ನಿ. 230 ಬಂದಾಗ 9ನ್ನು 1.414ರಿಂದ ಗುಣಿಸಿ, ಎಸಿಯನ್ನು ಡಿಸಿ ಮಾಡುವ ಬ್ರಿಜ್‌ನ ಎರಡು ಡಯೋಡ್‌ಗೆ 1.4 ಕಳೆದರೆ ಶಿಖರದಲ್ಲಿ 11.3. ಚೆನ್ನಾಗಿದೆ. 170 ಬಂದಾಗ ಅದೇ ಲೆಕ್ಕದಲ್ಲಿ ಸಿಗುವುದು 8. ಇದು ಶಿಖರ. ಎರಡು ಶಿಖರಗಳ ನಡುವೆ 10 ಮಿಲಿಸೆಕೆಂಡ್ ಕೆಪಾಸಿಟರ್ ಒಂದೇ ಲೋಡನ್ನು ಹೊರಬೇಕು. 2200 ಮೈಕ್ರೋಫ್ಯಾರಡ್ ಇದ್ದರೂ 300 ಮಿಲಿಆಂಪಿಯರಿಗೆ 1.4 ವೋಲ್ಟ್ ಇಳಿಯುತ್ತದೆ. ಉಳಿದದ್ದು 6.6. 7805ಕ್ಕೆ ಔಟ್‌ಪುಟ್ಟಿಗಿಂತ 2 ವೋಲ್ಟ್ ಹೆಚ್ಚು, ಅಂದರೆ 7 ಬೇಕು. ಸೆಕೆಂಡಿಗೆ ನೂರು ಸಲ 5 ವೋಲ್ಟ್ ಕುಸಿಯುತ್ತದೆ. ಮೋಟಾರ್ ಆನ್ ಮಾಡಬೇಕಾದ ಗಳಿಗೆಯಲ್ಲೇ ಸರ್ಕ್ಯೂಟ್ ತಲೆ ತಿರುಗಿ ಬೀಳುತ್ತದೆ.

ಹಾಗಾದರೆ 12 ವೋಲ್ಟ್ ಟ್ರಾನ್ಸ್‌ಫಾರ್ಮರ್ ಹಾಕೋಣ. 170ರಲ್ಲಿ ತಳದ ವೋಲ್ಟೇಜ್ 9.7, ಸಮಸ್ಯೆ ಇಲ್ಲ. ಆದರೆ ರಾತ್ರಿಯ 260ಕ್ಕೆ ಶಿಖರ 17.8ಕ್ಕೆ ಏರುತ್ತದೆ, 7805 ಸುಮಾರು 12 ವೋಲ್ಟ್ ನುಂಗಬೇಕು, ಬಿಸಿ 3.6 ವ್ಯಾಟ್. ಅದೂ ಗಾಳಿಯಾಡದ ಸ್ಟಾರ್ಟರ್ ಡಬ್ಬಿಯೊಳಗೆ, ಮುಚ್ಚಳ ಹಾಕಿ. ಕಡಿಮೆಗೆ ಹೊಂದಿಸಿದರೆ ಹೆಚ್ಚಿಗೆ ಬೇಯುತ್ತದೆ, ಹೆಚ್ಚಿಗೆ ಹೊಂದಿಸಿದರೆ ಕಡಿಮೆಗೆ ಬೀಳುತ್ತದೆ. ಲೀನಿಯರ್‌ನ ನಿಜವಾದ ತೊಂದರೆ ಇದು. ದಕ್ಷತೆ ಕಡಿಮೆ ಎಂದು ಪರೀಕ್ಷೆಯಲ್ಲಿ ಬರೆದರೆ ಅಂಕ ಸಿಗುತ್ತದೆ, ಆದರೆ ಒಂದೆರಡು ವ್ಯಾಟ್ ಉಳಿಸಿ ಯಾರೂ ಬಿಲ್ ಇಳಿಸಿಕೊಂಡಿಲ್ಲ. ಏರಿಳಿಯುವ ಇನ್‌ಪುಟ್ ಮುಂದೆ ಅದು ಅಸಹಾಯಕ ಅನ್ನುವುದೇ ಮುಖ್ಯ.

ಸ್ವಿಚಿಂಗ್ ಇಲ್ಲಿ ಗೆಲ್ಲುತ್ತದೆ. ಅದೇ 1.5 ವ್ಯಾಟ್ ಲೋಡಿಗೆ 80 ಶೇಕಡಾ ದಕ್ಷತೆಯ ಬಕ್ (ವೋಲ್ಟೇಜ್ ಇಳಿಸುವ ಸ್ವಿಚಿಂಗ್ ರೆಗ್ಯುಲೇಟರ್) ಹಾಕಿದರೆ ಬಿಸಿ 0.4 ವ್ಯಾಟ್ ಆಸುಪಾಸು. ಇನ್‌ಪುಟ್ 10 ಇರಲಿ, 18 ಇರಲಿ, ದೊಡ್ಡ ವ್ಯತ್ಯಾಸವಿಲ್ಲ. ಟ್ರಾನ್ಸ್‌ಫಾರ್ಮರನ್ನೇ ಬಿಟ್ಟು ಒಳ್ಳೆಯ ಎಸ್‌ಎಂಪಿಎಸ್ (ಒಳಗೇ ಸ್ವಿಚಿಂಗ್ ಇರುವ) ಅಡಾಪ್ಟರ್ ಹಾಕುವುದು ಇನ್ನೂ ಮೇಲು. 100ರಿಂದ 240 ಎಂದು ಅದರ ಬೆನ್ನಿನ ಮೇಲೇ ಬರೆದಿರುತ್ತದೆ. ರಾತ್ರಿಯ 260ಕ್ಕೂ ಜಗ್ಗದಿರಲಿ ಎಂದರೆ 265ರವರೆಗೆ ತಾಳುವುದನ್ನು ಕೇಳಿ ತನ್ನಿ. 230 ವೋಲ್ಟಿನ ಕಡೆ ನೀವೇ ಸ್ವಿಚಿಂಗ್ ಸರ್ಕ್ಯೂಟ್ ಕಟ್ಟಲು ಮಾತ್ರ ಹೋಗಬೇಡಿ. ಅದು ಕಲಿಯುವವರ ಕೈಯ ಕೆಲಸ ಅಲ್ಲ, ಜೀವದ ಪ್ರಶ್ನೆ.

ಆ ಮೋಟಾರ್ ಪ್ರಾಜೆಕ್ಟಿನಲ್ಲೇ ಇನ್ನೊಂದು ಕಗ್ಗಂಟಿದೆ. ಅದನ್ನು ಮೊಬೈಲ್ ನೆಟ್‌ವರ್ಕಿಗೆ ಜೋಡಿಸುವ ಸಿಮ್800ಎಲ್ ಮಾಡ್ಯೂಲಿಗೆ 5 ವೋಲ್ಟೂ ಬೇಡ, 3.3ಊ ಬೇಡ. ಅದಕ್ಕೆ ಬೇಕಿರುವುದು 3.4ರಿಂದ 4.4ರೊಳಗೆ. ಸುಮ್ಮನೆ ಇರುವಾಗ ಕೆಲವೇ ಮಿಲಿಆಂಪಿಯರ್ ಎಳೆಯುವ ಇದು ಟವರಿಗೆ ಮಾತಾಡುವಾಗ 4.6 ಮಿಲಿಸೆಕೆಂಡಿಗೊಮ್ಮೆ, ಪ್ರತಿ ಸಲ 577 ಮೈಕ್ರೋಸೆಕೆಂಡ್, 2 ಆಂಪಿಯರ್‌ವರೆಗೂ ಎಳೆಯುತ್ತದೆ. ಸರಾಸರಿ ತೆಗೆದರೆ ಎಂಟನೇ ಒಂದು ಭಾಗ, 250 ಮಿಲಿಆಂಪಿಯರ್. ಮಲ್ಟಿಮೀಟರ್ ತೋರಿಸುವುದು ಆ ಸರಾಸರಿಯನ್ನೇ. ಅದನ್ನು ನಂಬಿ 1 ಆಂಪಿಯರ್ ರೆಗ್ಯುಲೇಟರ್ ಹಾಕಿದರೆ ಸಿಗ್ನಲ್ ಕಡಿಮೆ ಇರುವ ತೋಟದಲ್ಲಿ, ಮಾಡ್ಯೂಲ್ ಪೂರ್ತಿ ಶಕ್ತಿ ಹಾಕುವಲ್ಲೇ, ಅದು ಸತ್ತು ಸತ್ತು ಎದ್ದೇಳುತ್ತದೆ. ಇಲ್ಲಿ 3 ಆಂಪಿಯರಿನ ಬಕ್ಕನ್ನು 4 ವೋಲ್ಟಿಗೆ ತಿರುಗಿಸಿ, ಮಾಡ್ಯೂಲಿನ ಕಾಲಿನ ಪಕ್ಕದಲ್ಲೇ 1000 ಮೈಕ್ರೋಫ್ಯಾರಡ್ ಕೆಪಾಸಿಟರ್ ಕೂರಿಸಿ. ಗೇಣುದ್ದದ ತೆಳು ವೈರಿನ ಆ ತುದಿಯಲ್ಲಿ ಕೂರಿಸಿದರೆ ಪ್ರಯೋಜನ ಇಲ್ಲ.

ಇಷ್ಟಾದರೂ ಸ್ಟಾರ್ಟರ್ ಬಿದ್ದಾಗ ರೀಸೆಟ್ ಆದರೆ ರೆಗ್ಯುಲೇಟರನ್ನು ಬೈಯಬೇಡಿ. ಮೋಟಾರಿಗೆ ಕರೆಂಟ್ ಕೊಡುವ ದೊಡ್ಡ ಸ್ವಿಚ್ಚಾದ ಕಾಂಟ್ಯಾಕ್ಟರಿನ ಕಾಯಿಲ್ ಬಿಡುವಾಗ ಹುಟ್ಟುವ ಹೊಡೆತ ವೈರುಗಳ ಮೂಲಕ ಒಳಗೆ ಬರುತ್ತಿರುತ್ತದೆ. ಕಾಂಟ್ಯಾಕ್ಟರಿಗೆ ಆ ಹೊಡೆತ ತಗ್ಗಿಸುವ ಸ್ನಬ್ಬರ್, ರಿಲೇಗೆ ಡಯೋಡ್, ಎರಡೂ ಕಡೆಯ ವೈರು ದೂರ ದೂರ.

ಹುಳು ಮನೆಯ ಪ್ರಾಜೆಕ್ಟಿಗೆ ಬರೋಣ. ಚಾಕಿ ಹಂತದಲ್ಲಿ (ಹುಳು ಮರಿಯಾಗಿರುವಾಗ) 27-28 ಡಿಗ್ರಿ, ಹುಳು ದೊಡ್ಡದಾದ ಮೇಲೆ 24-25. ಎರಡು ಮೂರು ಡಿಗ್ರಿಯ ಆಟ. ನಿಮ್ಮ ಡಬ್ಬಿಯಲ್ಲಿ ಸೆನ್ಸರ್ ಮತ್ತು 7805 ಅಕ್ಕಪಕ್ಕ ಕೂತಿವೆ. ಒಂದು ವ್ಯಾಟ್ ಬಿಸಿ ಕಾರುವ ಸಾಮಾನಿನ ಪಕ್ಕ ಕೂತ ಸೆನ್ಸರ್ ತೋರಿಸುವುದು ಡಬ್ಬಿಯ ಉಷ್ಣಾಂಶ. ಉಷ್ಣಾಂಶ ಏರಿದರೆ ತೇವಾಂಶದ ಅಂಕಿಯೂ ಇಳಿದು ಕಾಣುತ್ತದೆ. ಆ ಅಂಕಿ ನಂಬಿ ರೈತರು ಕಿಟಕಿ ತೆರೆದು ಗೋಣಿಚೀಲ ನೆನೆಸಿದರೆ ನಷ್ಟ ಯಾರದ್ದು? ಸೆನ್ಸರನ್ನು ವೈರಿನಲ್ಲಿ ಹೊರಗೆ ಇಳಿಬಿಡಿ.

ಇದನ್ನು ಬ್ಯಾಟರಿಯ ಮೇಲೆ ಓಡಿಸುವ ಯೋಚನೆ ಇದೆ ಅಂದಿರಿ. ಹತ್ತು ನಿಮಿಷಕ್ಕೊಮ್ಮೆ ಎದ್ದು ಓದಿ ಕಳಿಸಿ ಮತ್ತೆ ಮಲಗುತ್ತದೆ. ಮಲಗಿದಾಗ ಇಎಸ್‌ಪಿ32 ಚಿಪ್ ಎಳೆಯುವುದು 10 ಮೈಕ್ರೋಆಂಪಿಯರ್ ಆಸುಪಾಸು. ಆದರೆ ಮೇಲಿರುವ ಎಎಂಎಸ್1117 ತನ್ನ ಹೊಟ್ಟೆಪಾಡಿಗೇ 5 ಮಿಲಿಆಂಪಿಯರ್ ತಿನ್ನುತ್ತದೆ. 2000 ಮಿಲಿಆಂಪಿಯರ್-ಗಂಟೆಯ ಸೆಲ್ 400 ಗಂಟೆಯಲ್ಲಿ, ಅಂದರೆ 17 ದಿನವೂ ತುಂಬುವ ಮೊದಲೇ, ಏನೂ ಕೆಲಸ ಮಾಡದೆ ಖಾಲಿ. ಬಕ್ ಹಾಕಿದರೆ ಸರಿಹೋಗುತ್ತದೆ ಅಂದುಕೊಳ್ಳುತ್ತೀರಿ, ಎಲ್‌ಎಂ2596 ಕೂಡ ತನಗಾಗಿ ಅಷ್ಟೇ ಎಳೆಯುತ್ತದೆ. ಇಲ್ಲಿ ಗೆಲ್ಲುವುದು ಲೀನಿಯರ್, ಆದರೆ ಬೇರೆ ಜಾತಿಯದ್ದು. ಎಚ್‌ಟಿ7333 ತನಗಾಗಿ ಎಳೆಯುವುದು 4 ಮೈಕ್ರೋಆಂಪಿಯರ್. ಲಿಥಿಯಂ ಸೆಲ್ಲಿನ 3.7ರಿಂದ 3.3 ಮಾಡುವಾಗ ದಕ್ಷತೆ 89 ಶೇಕಡಾ, ಎಷ್ಟೋ ಬಕ್‌ಗಳಿಗೆ ಇದು ಸಿಗುವುದಿಲ್ಲ. ಇನ್‌ಪುಟ್ ಮತ್ತು ಔಟ್‌ಪುಟ್ ಹತ್ತಿರ ಇದ್ದರೆ ಲೀನಿಯರ್ ಬೆಣ್ಣೆಯಂಥದ್ದು. ಒಂದು ಎಚ್ಚರ: ಅದರ ಮಿತಿ 250 ಮಿಲಿಆಂಪಿಯರ್, ವೈಫೈ ಕಳಿಸುವ ಕ್ಷಣ ಅದನ್ನು ಮೀರಬಹುದು. ಪಕ್ಕದಲ್ಲಿ ದೊಡ್ಡ ಕೆಪಾಸಿಟರ್ ಇರಲಿ. ಎಎಂಎಸ್1117 ಮಾತ್ರ ಇಲ್ಲಿ ಯಾವ ಲೆಕ್ಕದಲ್ಲೂ ಬೇಡ. ತುಂಬು ಲೋಡಿಗೆ ಅದಕ್ಕೆ ಒಂದು ವೋಲ್ಟಿಗಿಂತ ಜಾಸ್ತಿ ಅಂತರ ಬೇಕು, ಪೂರ್ತಿ ತುಂಬಿದ ಸೆಲ್ ಕೊಡುವುದೇ 4.2.

ಸೋಲಾರ್ ಪ್ಯಾನೆಲ್ಲಿಗೆ ನೇರವಾಗಿ ಬಕ್ ಕಟ್ಟುವವರಿಗೆ ಒಂದು ಮಾತು. ಬಕ್‌ಗೆ ಬೇಕಿರುವುದು ವ್ಯಾಟ್. 5 ವೋಲ್ಟ್, 1 ಆಂಪಿಯರ್ ಕೊಡಲು ಒಳಗಿನಿಂದ ಸುಮಾರು 6 ವ್ಯಾಟ್ ಬೇಕು: 12 ವೋಲ್ಟ್ ಇದ್ದರೆ ಅರ್ಧ ಆಂಪಿಯರ್, 8ಕ್ಕೆ ಇಳಿದರೆ ಮುಕ್ಕಾಲು. ವೋಲ್ಟೇಜ್ ಇಳಿದಷ್ಟೂ ಹೆಚ್ಚು ಎಳೆಯುತ್ತದೆ, ಎಳೆದಷ್ಟೂ ಇನ್ನೂ ಇಳಿಯುತ್ತದೆ. ಬೆಳಗಿನ ಎಳೆ ಬಿಸಿಲಿನಲ್ಲಿ ಪ್ಯಾನೆಲ್ ಕುಸಿದು ಅಲ್ಲೇ ಸಿಕ್ಕಿಹಾಕಿಕೊಳ್ಳುವುದು ಇದಕ್ಕೇ. ಉದ್ದದ ತೆಳು ವೈರಿನ ಕಥೆಯೂ ಇದೇ. ನಡುವೆ ಬ್ಯಾಟರಿ ಇರಲಿ.

ಇನ್ನು ತೂಕದ ಯಂತ್ರ. ನನಗೆ ಮೂರರಲ್ಲಿ ಇದೇ ಹೆಚ್ಚು ಇಷ್ಟ, ಯಾಕೆಂದರೆ ಇಲ್ಲಿ ಎರಡೂ ಬೇಕು. ತೂಕವನ್ನು ವೋಲ್ಟೇಜ್ ಆಗಿಸುವ ಲೋಡ್‌ಸೆಲ್‌ಗೆ 5 ವೋಲ್ಟ್ ಕೊಟ್ಟರೆ, ವೋಲ್ಟಿಗೆ 2 ಮಿಲಿವೋಲ್ಟ್‌ನಂತೆ, ಪೂರ್ತಿ ತೂಕಕ್ಕೆ ಅದು ವಾಪಸ್ ಕೊಡುವುದು 10 ಮಿಲಿವೋಲ್ಟ್. 50 ಕಿಲೋದ ಸೆಲ್ ಆದರೆ 10 ಗ್ರಾಂ ಹಾಲಿಗೆ 2 ಮೈಕ್ರೋವೋಲ್ಟ್. ಬಕ್ ಮಾಡ್ಯೂಲಿನ ರಿಪ್ಪಲ್ (ಔಟ್‌ಪುಟ್ಟಿನ ಸಣ್ಣ ಏರಿಳಿತ) ಹತ್ತಾರು ಮಿಲಿವೋಲ್ಟ್. ಸಂತೆಯ ನಡುವೆ ಪಿಸುಮಾತು ಕೇಳಿಸಿಕೊಳ್ಳಬೇಕು. ಡೈರಿ ಮುಂದೆ ಕ್ಯೂ ನಿಂತವರು ಹತ್ತು ಗ್ರಾಂ ಕುಣಿದರೂ ಬಿಡುವುದಿಲ್ಲ, ಬಿಡಲೂ ಬಾರದು.

ದಾರಿ ಇದು. 12 ವೋಲ್ಟ್ ಬ್ಯಾಟರಿಯಿಂದ ಬಕ್ ಹಾಕಿ 7.5ಕ್ಕೆ ಇಳಿಸಿ. ಅಲ್ಲಿಂದ ಲೋಡ್‌ಸೆಲ್ ಕಡೆಗೆ ಮಾತ್ರ ಒಂದು 7805. 30 ಮಿಲಿಆಂಪಿಯರಿಗೆ ಅದರ ಬಿಸಿ 0.08 ವ್ಯಾಟ್, ಗೊತ್ತೇ ಆಗುವುದಿಲ್ಲ. ಡಿಸ್‌ಪ್ಲೇ, ಪ್ರಿಂಟರ್ ಮುಂತಾದ ಹೊಟ್ಟೆಬಾಕರಿಗೆ ಬೇರೆ ಬಕ್. ಆದರೆ ಲೀನಿಯರ್ ಹಾಕಿದ ಕೂಡಲೇ ಎಲ್ಲ ತೊಳೆದುಹೋಯಿತು ಅನ್ನಬೇಡಿ. 7805 ಚೆನ್ನಾಗಿ ತಡೆಯುವುದು 100 ಹರ್ಟ್ಸ್‌ನಂಥ ನಿಧಾನದ ಏರಿಳಿತವನ್ನು. ಫ್ರೀಕ್ವೆನ್ಸಿ ಏರಿದಂತೆ ಅದರ ಆಂಪ್ಲಿಫೈಯರ್ ಸುಸ್ತಾಗುತ್ತದೆ, ಲಕ್ಷಗಟ್ಟಲೆ ಹರ್ಟ್ಸ್‌ನ ಮುಳ್ಳುಗಳು ನುಸುಳಿ ಬರುತ್ತವೆ. ಅದಕ್ಕೇ 7805ರ ಮುಂದೆ ಆ ಮುಳ್ಳುಗಳನ್ನು ತಡೆಯುವ ಒಂದು ಫೆರೈಟ್ ಬೀಡ್, ಹಿಂದೆ ಮುಂದೆ ಸೆರಾಮಿಕ್ ಕೆಪಾಸಿಟರ್.

ಗದ್ದಲ ಕಿವಿಯಿಂದಲೇ ಕೇಳಬೇಕೇ? ಹಳೇ ಟ್ರಾನ್ಸಿಸ್ಟರ್ ರೇಡಿಯೋ ಇದ್ದರೆ ಬಕ್ ಮಾಡ್ಯೂಲಿನ ಹತ್ತಿರ ತನ್ನಿ. ಎಲ್‌ಎಂ2596ರ 150 ಕಿಲೋಹರ್ಟ್ಸ್‌ನ ನಾಲ್ಕು ಪಟ್ಟು 600. ಬೆಂಗಳೂರು ಆಕಾಶವಾಣಿಯ ಮೀಡಿಯಂ ವೇವ್ 612. ಚಿಪ್ಪಿನ ಫ್ರೀಕ್ವೆನ್ಸಿ ಹಿಂದೆಮುಂದೆ ಆಗುವುದು ಸಹಜ, 153ಕ್ಕೆ ಬಂದರೆ ಸರಿಯಾಗಿ ಸ್ಟೇಷನ್ ಮೇಲೇ ಕೂರುತ್ತದೆ. ಎಷ್ಟು ದೂರ ಸರಿಸಿದರೆ ಗೊರಗೊರ ನಿಲ್ಲುತ್ತದೆ ನೋಡಿ. ಆಸಿಲ್ಲೋಸ್ಕೋಪ್ ಇಲ್ಲದವರಿಗೆ ಇದಕ್ಕಿಂತ ಒಳ್ಳೆಯ ಸಾಧನ ಇಲ್ಲ.

ಕೈಕೆಲಸದ ಮಾತು ಬೇಗ ಮುಗಿಸುತ್ತೇನೆ. ಬಕ್ ಸರ್ಕ್ಯೂಟನ್ನು ಬ್ರೆಡ್‌ಬೋರ್ಡಿನಲ್ಲಿ ಕಟ್ಟಬೇಡಿ, ಆ ಉದ್ದನೆ ವೈರುಗಳೇ ಆಂಟೆನಾ ಆಗುತ್ತವೆ. ಸಿದ್ಧ ಮಾಡ್ಯೂಲ್ ತನ್ನಿ. ಲೋಡ್ ಜೋಡಿಸುವ ಮೊದಲೇ ಮೀಟರ್ ಇಟ್ಟು ವೋಲ್ಟೇಜ್ ತಿರುಗಿಸಿ. ಆ ಹಿತ್ತಾಳೆ ತಿರುಪು ಸುತ್ತು ಸುತ್ತು ತಿರುಗಿದ ಮೇಲೇ ಕೆಲಸ ಶುರುಮಾಡುತ್ತದೆ, ಕೆಟ್ಟಿದೆ ಎಂದು ಎಸೆಯಬೇಡಿ. ಅಗ್ಗದ ಮಾಡ್ಯೂಲ್‌ಗಳಲ್ಲಿ ನಕಲಿ ಚಿಪ್ಪುಗಳು ಬಹಳ. 3 ಆಂಪಿಯರ್ ಅಂದರೆ ಒಂದೂವರೆ ಎಂದು ತಿಳಿದು ಬಳಸಿ. 7805ರ ಬೆನ್ನಿನ ತಗಡು ಗ್ರೌಂಡ್, ವೋಲ್ಟೇಜ್ ಬದಲಿಸಬಹುದಾದ ಲೀನಿಯರ್ ಎಲ್‌ಎಂ317ರದ್ದು ಔಟ್‌ಪುಟ್. ಎರಡನ್ನೂ ಒಂದೇ ಹೀಟ್‌ಸಿಂಕಿಗೆ ಬಿಗಿದರೆ ಶಾರ್ಟ್, ನಡುವೆ ಮೈಕಾ ಹಾಳೆ ಬೇಕು.

ಕೊನೆಗೆ ಬಂದ ಪ್ರಶ್ನೆಗಳಲ್ಲಿ ಮೂರು.

"ಸರ್, ಒಂದು ಬಿಸಿಯಾಗುತ್ತೆ ಅಂದ್ರೆ ಎರಡು 7805 ಪಕ್ಕಪಕ್ಕ ಹಾಕಬಹುದಾ?" ಬೇಡಮ್ಮ. ಎರಡರ ಔಟ್‌ಪುಟ್ ಸರಿಸಮ ಇರುವುದಿಲ್ಲ. ಒಂದು 5.02, ಒಂದು 4.97 ಇದ್ದರೂ ಮೊದಲನೆಯದೇ ಎಲ್ಲ ಹೊರುತ್ತದೆ, ಎರಡನೆಯದು ಸುಮ್ಮನೆ ನೋಡುತ್ತಿರುತ್ತದೆ. ಲೋಡನ್ನೇ ಎರಡು ಭಾಗ ಮಾಡಿ, ಒಂದೊಂದಕ್ಕೆ ಒಂದೊಂದು ಕೊಡಬಹುದು.

"ಅಡಾಪ್ಟರ್ ಒಳಗೇ ಸ್ವಿಚಿಂಗ್ ಇದೆಯಲ್ಲ ಸರ್, ಮತ್ತೆ ರೆಗ್ಯುಲೇಟರ್ ಯಾಕೆ?" ಒಳ್ಳೆಯ ಪ್ರಶ್ನೆ. ಎಷ್ಟೋ ಸಲ ಬೇಡ. 12 ವೋಲ್ಟ್ ಅಡಾಪ್ಟರ್ ತಂದು 5ಕ್ಕೆ ಇಳಿಸುವ ಬದಲು 5 ವೋಲ್ಟಿನದ್ದನ್ನೇ ತನ್ನಿ, ರಿಲೇಯನ್ನೂ 5 ವೋಲ್ಟಿನದ್ದೇ ಆರಿಸಿ. ಬೋರ್ಡಿನ ಮೇಲಿನ ಸಣ್ಣ ರೆಗ್ಯುಲೇಟರ್ 5ರಿಂದ 3.3 ಮಾಡುವಾಗ 250 ಮಿಲಿಆಂಪಿಯರಿಗೆ 0.43 ವ್ಯಾಟ್, ತಡೆದುಕೊಳ್ಳುತ್ತದೆ.

"7805ರ ಮುಂದೆ ರೆಸಿಸ್ಟರ್ ಹಾಕಿ ಬಿಸಿ ಹಂಚಬಹುದಾ?" ಹಂಚಬಹುದು, ಹಳೆಯ ಉಪಾಯ. ಇನ್‌ಪುಟ್ ಖಚಿತವಾಗಿ 12 ಇದ್ದರೆ 300 ಮಿಲಿಆಂಪಿಯರಿಗೆ 15 ಓಮ್, 5 ವ್ಯಾಟಿನದ್ದು ಹಾಕಿ. 4.5 ವೋಲ್ಟ್ ಅಲ್ಲೇ ಬೀಳುತ್ತದೆ, 7805ರ ಬಿಸಿ 2.1ರಿಂದ 0.75 ವ್ಯಾಟಿಗೆ ಇಳಿಯುತ್ತದೆ. ನಿಮ್ಮದು ಅಡಾಪ್ಟರೋ ಬ್ಯಾಟರಿಯೋ? ಬ್ಯಾಟರಿಯಾದರೆ 10.5ಕ್ಕೂ ಇಳಿಯುತ್ತದೆ, ಚಾರ್ಜ್ ಆಗುವಾಗ 14.4ಕ್ಕೂ ಏರುತ್ತದೆ. 10.5ರಲ್ಲಿ ಆ 15 ಓಮ್ ಆದ ಮೇಲೆ ಉಳಿಯುವುದು 6, ಸಾಲದು. 10 ಓಮ್‌ಗೆ ಇಳಿಸಿದರೆ 7.5 ಉಳಿಯುತ್ತದೆ, ಸಾಕು. ಆದರೆ 14.4ರಲ್ಲಿ 7805ರ ಮೇಲೆ 6.4 ವೋಲ್ಟ್, 1.9 ವ್ಯಾಟ್. ಹೆಚ್ಚೇನೂ ಉಳಿಯಲಿಲ್ಲ. ನೂರು ರೂಪಾಯಿ ಒಳಗೆ ಬಕ್ ಮಾಡ್ಯೂಲ್ ಬರುತ್ತದೆ, ಅದನ್ನೇ ಹಾಕಿ.